ಆಟದ ಕಾನೂನು ಯಾರ ಜೇಬಿನಲ್ಲಿ?

ಆಟವನ್ನು ಆಟವೆಂದೇ ತಿಳಿಯಬೇಕು, ಅದರ ಮೇಲೆ ವ್ಯಾಜ್ಯ ಹೂಡಬಾರದು ಎಂದು ಉಪದೇಶ ಮಾಡುವ ಸಜ್ಜನರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಇವರು ಸಾಮಾನ್ಯವಾಗಿ ಗೆದ್ದವರ ಪಕ್ಕದಲ್ಲಿ ನಿಂತಿರುತ್ತಾರೆಂಬುದನ್ನು ನಾನು ಗಮನಿಸಿದ್ದೇನೆ. ಸೋತವನಿಗೆ ಅದು ಅಷ್ಟು ಹಗುರದ ಮಾತಲ್ಲ. ಸೋಲನ್ನು ಅವನು ಹೇಗಾದರೂ ನುಂಗಿಕೊಂಡಾನು. ಆದರೆ ಯಾವ ಕಟ್ಟಳೆಯ ಪ್ರಕಾರ ಸೋತೆನೆಂಬುದನ್ನು ತನಗೆ ತಿಳಿಯುವ ಮಾತಿನಲ್ಲಿ ಯಾರೂ ಹೇಳದೆ ಬೆನ್ನು ತಟ್ಟಿ ಕಳುಹಿಸಿಬಿಟ್ಟರೆ, ಆ ತಟ್ಟಿದ ಜಾಗ ಏಟು ಬಿದ್ದದ್ದಕ್ಕಿಂತ ಹೆಚ್ಚು ಉರಿಯುತ್ತದೆ. ಈ ಲೇಖನ ಆ ಸಜ್ಜನರೊಡನೆ ಜಗಳವಾಡಲೆಂದೇ ಬರೆದದ್ದು. ವಿಷಯ ಫುಟ್‌ಬಾಲು. ಕನ್ನಡ ಮೇಷ್ಟರಿಗೂ ಫುಟ್‌ಬಾಲಿಗೂ ಏನು ಸಂಬಂಧವೆಂದು ಕೇಳುವವರು ಸ್ವಲ್ಪ ತಾಳಬೇಕು.

ಎಲ್ಲರಿಗೂ ತಿಳಿದ ಸಂಗತಿಯಿಂದಲೇ ಆರಂಭಿಸೋಣ. 2023ರ ಮಾರ್ಚಿ 3, ಶುಕ್ರವಾರ ರಾತ್ರಿ. ನಮ್ಮ ಕಂಠೀರವ ಕ್ರೀಡಾಂಗಣದಲ್ಲಿ ಇಂಡಿಯನ್ ಸೂಪರ್ ಲೀಗಿನ ನಾಕೌಟ್ ಪಂದ್ಯ, ಬೆಂಗಳೂರು ಎಫ್.ಸಿ.ಗೂ ಕೇರಳ ಬ್ಲಾಸ್ಟರ್ಸಿಗೂ. ತೊಂಬತ್ತು ನಿಮಿಷ ಕಳೆದರೂ ಎರಡು ಕಡೆಗೂ ಗೋಲಿಲ್ಲ. ಹೆಚ್ಚುವರಿ ಆಟ ಶುರುವಾಗಿ 96ನೆಯ ನಿಮಿಷದಲ್ಲಿ ಕೇರಳದ ಪೆನಾಲ್ಟಿ ಆವರಣದ ಹೊರಗೆ ಬೆಂಗಳೂರಿಗೆ ಒಂದು ಫ್ರೀಕಿಕ್ ದೊರೆಯಿತು. ಕೇರಳದ ಗೋಲಿ ಪ್ರಭ್‌ಸುಖನ್ ಗಿಲ್ ಇನ್ನೂ ತನ್ನವರನ್ನು ಗೋಡೆಯಾಗಿ ನಿಲ್ಲಿಸುವ ಕೆಲಸದಲ್ಲಿದ್ದಾಗಲೇ ಸುನಿಲ್ ಛೆಟ್ರಿ ಚೆಂಡನ್ನು ಮೆಲ್ಲಗೆ ಎತ್ತಿ ಬಲೆಯೊಳಕ್ಕೆ ಹಾಕಿಬಿಟ್ಟರು. ಸೀಟಿ ಊದಿರಲಿಲ್ಲ. ರೆಫರಿ ಕ್ರಿಸ್ಟಲ್ ಜಾನ್ ಗೋಲು ಎಂದರು. ಕೇರಳದವರು ಅಲ್ಲ ಎಂದರು. ಸ್ವಲ್ಪ ಹೊತ್ತು ಗದ್ದಲವಾಯಿತು. ಅವರ ಕೋಚ್ ಇವಾನ್ ವುಕೊಮನೋವಿಚ್ ಅಂಗಳಕ್ಕೆ ಬಂದು ತಮ್ಮ ಹುಡುಗರನ್ನೆಲ್ಲ ಕರೆದುಕೊಂಡು ಒಳಗೆ ಹೋದರು; ಹೋದವರು ಹಿಂದಿರುಗಲಿಲ್ಲ. ಕಾದು ನೋಡಿ, ಬೆಂಗಳೂರು ಒಂದು ಗೋಲಿನಿಂದ ಗೆದ್ದಿತೆಂದು ಸಾರಲಾಯಿತು.

ಅನಂತರದ್ದು ಕಚೇರಿಯ ಕಥೆ. ಪಂದ್ಯವನ್ನು ಮತ್ತೆ ಆಡಿಸಬೇಕೆಂಬ ಕೇರಳದ ಬೇಡಿಕೆ ಬಿದ್ದುಹೋಯಿತು. ಮಾರ್ಚಿ 31ರಂದು ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ಶಿಸ್ತು ಸಮಿತಿ ಅವರಿಗೆ ನಾಲ್ಕು ಕೋಟಿ ರೂಪಾಯಿ ದಂಡ ಹಾಕಿತು. ಸಾರ್ವಜನಿಕವಾಗಿ ಕ್ಷಮೆ ಕೇಳಬೇಕೆಂದಿತು. ಕೋಚ್ ಮಹಾಶಯರಿಗೆ ಹತ್ತು ಪಂದ್ಯಗಳ ನಿಷೇಧ, ಐದು ಲಕ್ಷ ದಂಡ. ಇಂಥದು ನಮ್ಮ ದೇಶಕ್ಕೆ ಹೊಸದೂ ಅಲ್ಲ. 2012ರ ಡಿಸೆಂಬರಿನಲ್ಲಿ ಕಲ್ಕತ್ತೆಯ ಮೋಹನ್ ಬಾಗಾನ್ ತಂಡ ಈಸ್ಟ್ ಬೆಂಗಾಲ್ ಎದುರು ವಿರಾಮದ ನಂತರ ಆಡಲು ಬರದೆ ಕೂತು, ಅದಕ್ಕಾಗಿ ಎರಡು ಕೋಟಿ ತೆತ್ತಿತ್ತು.

ಈಗ ನನ್ನ ಅಭಿಪ್ರಾಯ. ಛೆಟ್ರಿಯವರ ಗೋಲು ಸರಿ. ಕೇರಳದವರು ಎದ್ದುಹೋದದ್ದು ತಪ್ಪು. ನಾನು ಬೆಂಗಳೂರಿನವನೆಂದು ಹೀಗೆನ್ನುತ್ತಿದ್ದೇನೆಂದು ಭಾವಿಸಬೇಡಿ. ಫುಟ್‌ಬಾಲಿನ ಕಾನೂನು ಈ ವಿಷಯದಲ್ಲಿ ಸಾಕಷ್ಟು ಸ್ಪಷ್ಟವಾಗಿದೆ. ತಪ್ಪು ಮಾಡಿದವನು ಗೋಡೆ ಕಟ್ಟಿಕೊಳ್ಳುವವರೆಗೆ ಪೆಟ್ಟು ತಿಂದವನು ಕಾಯಬೇಕೆಂಬ ನಿಯಮವೇ ಇಲ್ಲ. ಫ್ರೀಕಿಕ್ಕನ್ನು ಬೇಗ ಒದೆಯಬಹುದು. ಸಾಮಾನ್ಯವಾಗಿ ಅದಕ್ಕೆ ಸೀಟಿಯ ಅಗತ್ಯವಿಲ್ಲ. ಎದುರಾಳಿ ಒಂಬತ್ತು ಮೀಟರು ಹದಿನೈದು ಸೆಂಟಿಮೀಟರು ದೂರ ನಿಲ್ಲಬೇಕಾದದ್ದು ಹೌದು. ಆದರೆ ಆ ದೂರ ಒದೆಯುವವನ ಅನುಕೂಲಕ್ಕಾಗಿ ಇಟ್ಟದ್ದು, ತಪ್ಪು ಮಾಡಿದವನ ವಿಶ್ರಾಂತಿಗಲ್ಲ. ದೂರವನ್ನು ಅಳೆದು ಕೊಡಿರೆಂದು ಒದೆಯುವವನು ಕೇಳಿದರೆ, ಅಥವಾ ರೆಫರಿಯೇ ತಡೆದು ನಿಲ್ಲಿಸಿದರೆ, ಆಗ ಮಾತ್ರ ಸೀಟಿಗೆ ಕಾಯಬೇಕು. ತನಗೆ ಸೀಟಿಯೂ ಬೇಡ, ಗೋಡೆಯೂ ಬೇಡವೆಂದು ರೆಫರಿಗೆ ಹೇಳಿಯೇ ಒದ್ದೆನೆಂದು ಛೆಟ್ರಿ ಆಮೇಲೆ ವಿವರಿಸಿದರು. ರೆಫರಿ ಆಟಗಾರರನ್ನು ಸರಿಸಲು ತೊಡಗಿದಮೇಲೆ ಎಲ್ಲರೂ ಕಾಯಬೇಕಾಗಿತ್ತೆಂಬುದು ಕೇರಳದ ವಾದದ ತಿರುಳು. ವಾದಕ್ಕೆ ಜಾಗವಿದೆ, ಇಲ್ಲವೆನ್ನುವುದಿಲ್ಲ. ಆದರೆ ವಾದ ಮಾಡಬೇಕಾದವನು ಅಂಗಳ ಬಿಟ್ಟು ಹೋಗಬಾರದು. ಇನ್ನೂ ಇಪ್ಪತ್ತು ನಿಮಿಷಕ್ಕೂ ಹೆಚ್ಚು ಆಟ ಉಳಿದಿತ್ತು. ಒಂದು ಗೋಲು ತೀರಿಸಲು ಅದೇನು ಕಡಿಮೆ ಹೊತ್ತೇ?

ಇಲ್ಲಿ ಒಂದು ಹಳೆಯ ಕಥೆ ನೆನಪಿಗೆ ಬರುತ್ತದೆ. ರನ್ನನ ಗದಾಯುದ್ಧವನ್ನು ವರ್ಷ ವರ್ಷವೂ ಪಾಠ ಹೇಳುವವನಿಗೆ ಬಾರದೆ ಹೇಗೆ ಇದ್ದೀತು? ವ್ಯಾಸಭಾರತದಲ್ಲಿ ಭೀಮನು ದುರ್ಯೋಧನನ ತೊಡೆಗೆ ಹೊಡೆದಾಗ ಬಲರಾಮನು ಕೆರಳಿ ನಿಲ್ಲುತ್ತಾನೆ. ಹೊಕ್ಕುಳಿಂದ ಕೆಳಗೆ ಹೊಡೆಯಕೂಡದೆಂಬುದು ಗದೆಯ ನಿಯಮ. ನೇಗಿಲೆತ್ತಿ ಭೀಮನ ಮೇಲೆ ಹೋದವನನ್ನು ಕೃಷ್ಣ ತಡೆಯುತ್ತಾನೆ. ಪ್ರತಿಜ್ಞೆಯ ಮಾತು ತೆಗೆದು ಸಮಾಧಾನ ಹೇಳುತ್ತಾನೆ. ಬಲರಾಮನಿಗೆ ಸಮಾಧಾನವಾಗುವುದಿಲ್ಲ, ರಥವೇರಿ ದ್ವಾರಕೆಗೆ ಹೊರಟುಹೋಗುತ್ತಾನೆ. ಯಾರು ಸರಿ, ಯಾರು ತಪ್ಪು ಎಂಬುದನ್ನು ನಮ್ಮ ಹಳ್ಳಿಯ ಗಮಕದ ಜಗಲಿಗಳಲ್ಲಿ ಇಂದಿಗೂ ಚರ್ಚಿಸುತ್ತಾರೆ. ಆದರೆ ಒಂದು ಮಾತನ್ನು ಗಮನಿಸಬೇಕು. ನಿಯಮ ಏನೆಂಬುದರಲ್ಲಿ ಅಲ್ಲಿ ಯಾರಿಗೂ ಸಂದೇಹವಿರಲಿಲ್ಲ. ಹೊಡೆದ ಭೀಮನಿಗೂ ಗೊತ್ತಿತ್ತು, ಬಿದ್ದ ದುರ್ಯೋಧನನಿಗೂ ಗೊತ್ತಿತ್ತು, ಸುತ್ತ ನಿಂತ ಪಾಂಡವರಿಗೂ ಗೊತ್ತಿತ್ತು. ಜಗಳವಾದದ್ದು ನಿಯಮವನ್ನು ಮುರಿದದ್ದಕ್ಕೆ. ಕಂಠೀರವದಲ್ಲಿ ಹಾಗಲ್ಲ. ಅಲ್ಲಿ ಸೇರಿದ್ದ ಸಾವಿರಾರು ಜನರಲ್ಲಿ ಸೀಟಿ ಬೇಕೋ ಬೇಡವೋ ಎಂಬುದು ಎಷ್ಟು ಜನಕ್ಕೆ ತಿಳಿದಿತ್ತು? ಮರುದಿನ ನಮ್ಮ ಕಾಲೇಜಿನ ಅಧ್ಯಾಪಕರ ಕೊಠಡಿಯಲ್ಲಿ ಹತ್ತು ಮಂದಿ ಹತ್ತು ನಿಯಮ ಹೇಳಿದರು. ಹತ್ತೂ ಸ್ವಂತ ರಚನೆ.

(ಆ ಮರುದಿನದ ವಿಷಯ ಬಂದದ್ದರಿಂದ ಒಂದು ಮಾತು. 2023ರ ಮಾರ್ಚಿ 4ರಂದು ಸೌದಿ ಅರೇಬಿಯದ ರಿಯಾದಿನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. ಮೈಸೂರು ಎಂಬ ಹೆಸರಿನಲ್ಲಿ ನಾವು ಅದನ್ನು ಹಿಂದೆ ಗೆದ್ದು 54 ವರ್ಷವಾಗಿತ್ತು. ಐವತ್ತನಾಲ್ಕು ವರ್ಷ! ನನ್ನ ಪರಿಚಯದವರಲ್ಲಿ ಆ ಗೆಲುವನ್ನು ಕುರಿತು ಮಾತಾಡಿದವರನ್ನು ಒಂದು ಕೈಬೆರಳಲ್ಲಿ ಎಣಿಸಬಹುದು. ಜಗಳವಿಲ್ಲದ ಗೆಲುವಿಗೆ ನಮ್ಮ ಊರಿನಲ್ಲಿ ಗಿರಾಕಿ ಕಡಿಮೆ.)

ದೊಡ್ಡವರ ಮಾತು ಅಲ್ಲಿಗಿರಲಿ. ಅವರಿಗೆ ವಕೀಲರಿದ್ದಾರೆ, ಕೋಟಿಗಳಿವೆ. ನನಗೆ ಚಿಂತೆಯಾದದ್ದು ಆ ರಾತ್ರಿಯ ಪಾಠ ಎಲ್ಲಿಗೆ ತಲುಪಿತೆಂಬುದನ್ನು ಕಂಡಾಗ. ನಾನು ಕಲಿಸುವುದು ಪೀಣ್ಯದ ಹತ್ತಿರದ ಒಂದು ಸಂಜೆ ಕಾಲೇಜಿನಲ್ಲಿ. ಹಗಲೆಲ್ಲ ಲೇತಿನ ಮುಂದೆ, ಪ್ರೆಸ್ಸಿನ ಮುಂದೆ ನಿಂತು, ಕೈಯಿಂದ ಕೂಲೆಂಟ್ ಎಣ್ಣೆಯ ವಾಸನೆ ಹೋಗುವ ಮುಂಚೆಯೇ ಪುಸ್ತಕ ಹಿಡಿಯುವ ಹುಡುಗರು ನನ್ನ ವಿದ್ಯಾರ್ಥಿಗಳು. ಅವರಲ್ಲಿ ಕೆಲವರು ಸೇರಿ ಒಂದು ತಂಡ ಕಟ್ಟಿದ್ದಾರೆ. ಐದೈದು ಜನರ ಆಟ. ಇಂದು ವೈಟ್‌ಫೀಲ್ಡು, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯಗಳ ಸುತ್ತ ಎಲ್ಲಿ ನೋಡಿದರೂ ಹಸಿರು ಪ್ಲಾಸ್ಟಿಕ್ ಹುಲ್ಲು ಹಾಸಿ, ಸುತ್ತ ಬಲೆ ಕಟ್ಟಿ, ದೀಪ ಹಾಕಿದ ಅಂಗಳಗಳು ಎದ್ದಿವೆ. ಕೆಲವಕ್ಕೆ ಮೇಲೆ ತಗಡಿನ ಸೂರೂ ಉಂಟು. ಟರ್ಫ್ ಎನ್ನುತ್ತಾರೆ. ಗಂಟೆಗೆ ಸಾವಿರ, ಸಾವಿರದೈನೂರು ಬಾಡಿಗೆ. ಶನಿವಾರ ಭಾನುವಾರ ಅಲ್ಲಿ ಕಂಪನಿ ಕಂಪನಿಗಳ ನಡುವೆ ಪಂದ್ಯಾವಳಿಗಳು ನಡೆಯುತ್ತವೆ.

ಅಂಥ ಒಂದು ಪಂದ್ಯಾವಳಿಗೆ ‘ಸಾರ್, ನೀವು ಬರಲೇಬೇಕು’ ಎಂದು ಎಳೆದುಕೊಂಡು ಹೋದರು. ಪೀಣ್ಯದಲ್ಲಿ ಮೆಟ್ರೊ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಬದಲಾಯಿಸಿ, ವೈಟ್‌ಫೀಲ್ಡಿನಲ್ಲಿ ಇಳಿಯುವ ಹೊತ್ತಿಗೆ ಅರ್ಧ ದಿನ ಹೋಗಿತ್ತು. ಸೆಮಿಫೈನಲ್ಲು. ಎದುರಿಗೆ ಒಂದು ಸಾಫ್ಟ್‌ವೇರ್ ಕಂಪನಿಯ ತಂಡ. ಒಳ್ಳೆಯ ಹುಡುಗರೇ, ದರ್ಪವೇನೂ ಕಾಣಲಿಲ್ಲ. ನಾಲ್ಕು-ನಾಲ್ಕು ಗೋಲು ಸಮವಾಗಿತ್ತು. ಕಡೆಯ ಕ್ಷಣದಲ್ಲಿ ನಮ್ಮ ಹುಡುಗನೊಬ್ಬ ಅಂಗಳದ ನಡುವಿನಿಂದಲೇ ಬೀಸಿ ಒದ್ದ. ಚೆಂಡು ಗಾಳಿಯಲ್ಲಿದ್ದಾಗ ಮೇಜಿನ ಮೇಲಿನ ಹಾರನ್ ಕೂಗಿತು. ಚೆಂಡು ಕಂಬಕ್ಕೆ ತಗುಲಿ ಒಳಗೆ ಬಿತ್ತು.

ರೆಫರಿಯಾಗಿ ನಿಂತಿದ್ದ ಯುವಕ ಮೊದಲು ಗೋಲೆಂದು ಕೈ ತೋರಿಸಿದ. ಎದುರು ಪಕ್ಷದವರು ಮುತ್ತಿದರು: ಕಾಲ ಮುಗಿದ ಮೇಲೆ ಬಿದ್ದದ್ದು ಗೋಲು ಹೇಗಾದೀತು? ವ್ಯವಸ್ಥಾಪಕರು ಬಂದರು. ಇಂಗ್ಲಿಷಿನಲ್ಲಿ ಮಾತುಕತೆಯಾಯಿತು. ಒಬ್ಬರು ಮೊಬೈಲಿನಲ್ಲಿ ಏನನ್ನೋ ಓದಿದರು. ಬಾಗಿಲ ಬಳಿ ಒಂಬತ್ತು ಗಂಟೆಗೆ ಅಂಗಳ ಬಾಡಿಗೆ ಹಿಡಿದವರು ಆಗಲೇ ಬೂಟು ಕಟ್ಟಿಕೊಂಡು ನಿಂತಿದ್ದರು. ಹೆಚ್ಚು ಹೊತ್ತು ನ್ಯಾಯ ನೋಡಲು ಅವಕಾಶವಿರಲಿಲ್ಲ. ಗೋಲು ರದ್ದು, ಪೆನಾಲ್ಟಿ ಒದೆಯಿರಿ ಎಂದು ಅಪ್ಪಣೆಯಾಯಿತು. ನಮ್ಮ ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾಯಕನಾಗಿದ್ದವನು ಕೈಗೆ ಸುತ್ತಿದ್ದ ಪಟ್ಟಿಯನ್ನು ಕಿತ್ತು ನೆಲಕ್ಕೆ ಹಾಕಿ, ‘ನಡೀರೋ, ಕೇರಳದವರು ಮಾಡಿದ್ದೇ ಸರಿ’ ಎಂದ. ಎಲ್ಲರೂ ಹೊರಬಂದರು. ಕಟ್ಟಿದ ಪ್ರವೇಶಧನವೂ ಹೋಯಿತು, ಫೈನಲ್ಲೂ ಹೋಯಿತು.

ಹೊರಬಂದದ್ದು ತಪ್ಪೆಂದು ಅಲ್ಲೇ ಮೆಟ್ರೊ ಮೆಟ್ಟಿಲ ಮೇಲೆ ಅವರಿಗೆ ಹೇಳಿದೆ. ಕಹಿಯಾಯಿತು. ಆದರೆ ಆ ರಾತ್ರಿ ಮನೆಗೆ ಬಂದು ಫುಟ್ಸಾಲಿನ ನಿಯಮಾವಳಿಯನ್ನು ತೆಗೆದು ಓದಿದಾಗ ನನಗೆ ನಿದ್ರೆ ಬರಲಿಲ್ಲ. ಪಂದ್ಯಾವಳಿಯ ಕರಪತ್ರದಲ್ಲಿ ಫುಟ್ಸಾಲ್ ನಿಯಮಗಳೇ ಅನ್ವಯವೆಂದು ಅಚ್ಚಾಗಿತ್ತು. ಆ ನಿಯಮ ಹೇಳುವುದೇನು? ಕಾಲ ಮುಗಿದ ಸಂಕೇತ ಕೇಳುವ ಮೊದಲೇ ಚೆಂಡನ್ನು ಗೋಲಿನ ಕಡೆಗೆ ಒದ್ದಾಗಿದ್ದರೆ, ಆ ಒದೆತದ ಫಲ ತಿಳಿಯುವವರೆಗೆ ರೆಫರಿ ಕಾಯಬೇಕು. ನೇರವಾಗಿ ಬಿದ್ದರೂ ಗೋಲು; ಕಂಬಕ್ಕೋ ನೆಲಕ್ಕೋ ಗೋಲಿಯ ಮೈಗೋ ತಗುಲಿ ಒಳಗೆ ಹೋದರೂ ಗೋಲು. ಅಂದರೆ ನಮ್ಮ ಹುಡುಗರು ಗೆದ್ದಿದ್ದರು. ಕಾನೂನು ಅವರ ಪಕ್ಷದಲ್ಲಿತ್ತು. ಅದು ಅವರಿಗೆ ಗೊತ್ತಿರಲಿಲ್ಲ. ಎದುರು ಪಕ್ಷದವರಿಗೂ ಗೊತ್ತಿರಲಿಲ್ಲ. ತೀರ್ಪು ಕೊಟ್ಟವರಿಗಂತೂ ಗೊತ್ತಿರಲೇ ಇಲ್ಲ. ಮೂರು ಕಡೆಯವರೂ ಕತ್ತಲೆಯಲ್ಲಿ ನಿಂತು, ಕೊನೆಗೆ ಯಾರ ಇಂಗ್ಲಿಷು ಗಟ್ಟಿಯಾಗಿತ್ತೋ ಅವರು ಗೆದ್ದರು.

ದೊಡ್ಡ ಫುಟ್‌ಬಾಲಿನಲ್ಲಿ ಹಾಗಿಲ್ಲವಲ್ಲ ಎಂದು ಕೆಲವರು ಕೇಳಬಹುದು. ನಿಜ. ಅಲ್ಲಿ ಕಾಲ ರೆಫರಿಯ ಕೈಗಡಿಯಾರದಲ್ಲಿರುತ್ತದೆ. 1978ರ ವಿಶ್ವಕಪ್ಪಿನಲ್ಲಿ, ಅರ್ಜೆಂಟೀನದ ಮಾರ್ ದೆಲ್ ಪ್ಲಾತಾದಲ್ಲಿ, ಬ್ರೆಜಿಲಿಗೂ ಸ್ವೀಡನ್ನಿಗೂ ಒಂದು-ಒಂದು ಸಮವಾಗಿತ್ತು. ಕಡೆಯ ಕಾರ್ನರ್ ಒದ್ದರು. ಚೆಂಡು ಗಾಳಿಯಲ್ಲಿ ಬರುತ್ತಿದ್ದಾಗ ರೆಫರಿ ಕ್ಲೈವ್ ಥಾಮಸ್ ಸೀಟಿ ಊದಿ ಆಟ ಮುಗಿಸಿದರು. ಜೀಕೊ ತಲೆಗೊಟ್ಟ ಚೆಂಡು ಗೋಲಿಗೆ ಬಿದ್ದದ್ದು ವ್ಯರ್ಥವಾಯಿತು. ಬ್ರೆಜಿಲಿನವರು ಅದನ್ನು ಇನ್ನೂ ಕ್ಷಮಿಸಿಲ್ಲ. ಆದರೂ ಆ ಆಟದ ಕಾನೂನಿನಂತೆ ಥಾಮಸ್‌ಗೆ ಅಧಿಕಾರವಿತ್ತು. ಒಳಾಂಗಣದ ಫುಟ್ಸಾಲಿನಲ್ಲಿ ಗಡಿಯಾರ ರೆಫರಿಯ ಕೈಯಲ್ಲಿಲ್ಲ, ಮೇಜಿನ ಬಳಿ ಕಾಲ ನೋಡುವವನ ವಶದಲ್ಲಿದೆ. ಚೆಂಡು ಹೊರಗೆ ಹೋದಾಗಲೆಲ್ಲ ಅದು ನಿಲ್ಲುತ್ತದೆ. ಆಟದ ಅರ್ಧ ಎಂದರೆ ನಿಲ್ಲಿಸಿ ನಿಲ್ಲಿಸಿ ಎಣಿಸಿದ ಇಪ್ಪತ್ತು ನಿಮಿಷ. ಕಾಲವನ್ನು ಯಂತ್ರಕ್ಕೆ ಒಪ್ಪಿಸಿದಮೇಲೆ, ಯಂತ್ರ ಕೂಗುವಾಗ ಗಾಳಿಯಲ್ಲಿರುವ ಚೆಂಡಿಗೆ ಏನು ಗತಿಯೆಂಬುದನ್ನು ಮೊದಲೇ ಬರೆದಿಡಬೇಕಾಯಿತು. ಒಂದೇ ಚೆಂಡು, ಒಂದೇ ಗಾಳಿ; ಆಟ ಬೇರೆ, ಕಾನೂನು ಬೇರೆ. ಇದನ್ನು ದೂರದರ್ಶನ ನೋಡಿ ಕಲಿಯಲಾಗುವುದಿಲ್ಲ. ದೂರದರ್ಶನ ತೋರಿಸುವುದು ದೊಡ್ಡ ಆಟ. ನಮ್ಮ ಹುಡುಗರು ಆಡುವುದು ಚಿಕ್ಕದು.

‘ರೆಫರಿಯ ಮಾತೇ ಕೊನೆ, ಅದಕ್ಕೆ ಮೇಲಿಲ್ಲ’ ಎನ್ನುವ ಇನ್ನೊಂದು ಪಂಗಡ ಉಂಟು. ಇವರ ಮಾತಿನಲ್ಲಿ ಅರ್ಧ ಸತ್ಯವಿದೆ. ಏನಾಯಿತೆಂಬುದರಲ್ಲಿ ರೆಫರಿಯ ಮಾತೇ ಕೊನೆ. ಕೈ ತಗುಲಿತೋ ಇಲ್ಲವೋ, ಗೆರೆ ದಾಟಿತೋ ಇಲ್ಲವೋ, ಅವನು ಕಂಡದ್ದೇ ಕಂಡದ್ದು. ಆದರೆ ಕಾನೂನು ಏನೆಂಬುದು ಅವನ ಖಾಸಾ ಸೊತ್ತಲ್ಲ. 2005ರ ಸೆಪ್ಟೆಂಬರಿನಲ್ಲಿ ಉಜ್ಬೇಕಿಸ್ತಾನಕ್ಕೂ ಬಹರೈನಿಗೂ ನಡೆದ ವಿಶ್ವಕಪ್ ಅರ್ಹತಾ ಪಂದ್ಯವನ್ನು ನೋಡಿ. ಉಜ್ಬೇಕರ ಪೆನಾಲ್ಟಿ ಒದೆಯುವಾಗ ಅವರ ಆಟಗಾರನೊಬ್ಬ ಮುಂಚಿತವಾಗಿಯೇ ಆವರಣಕ್ಕೆ ನುಗ್ಗಿದ. ಚೆಂಡು ಗೋಲಾಗಿತ್ತು, ಕಾನೂನಿನಂತೆ ಪೆನಾಲ್ಟಿಯನ್ನು ಮತ್ತೆ ಒದೆಸಬೇಕಾಗಿತ್ತು. ಜಪಾನಿನ ರೆಫರಿ ಅದರ ಬದಲು ಬಹರೈನಿಗೆ ಫ್ರೀಕಿಕ್ ಕೊಟ್ಟರು. ಉಜ್ಬೇಕರು ಅಂಗಳ ಬಿಟ್ಟು ಹೋಗಲಿಲ್ಲ. ಆಡಿದರು, ಗೆದ್ದರು, ಆಮೇಲೆ ದೂರು ಕೊಟ್ಟರು. ರೆಫರಿ ಕಾನೂನನ್ನೇ ತಪ್ಪಾಗಿ ಅನ್ವಯಿಸಿದರೆಂದು ಒಪ್ಪಿ ಫೀಫಾ ಸಂಸ್ಥೆ ಇಡೀ ಪಂದ್ಯವನ್ನು ಮತ್ತೆ ಆಡಿಸಿತು. (ಮರುಪಂದ್ಯ ಸಮವಾಗಿ, ಕೊನೆಗೆ ಬಹರೈನೇ ಮುಂದೆ ಹೋಯಿತು. ಗೆದ್ದ ಪಂದ್ಯಕ್ಕೆ ದೂರು ಕೊಡುವವರು ಇದನ್ನೂ ನೆನಪಿಡಬೇಕು!) ರೆಫರಿಯ ಕಣ್ಣಿನ ತಪ್ಪಿಗೆ ಮದ್ದಿಲ್ಲದಿರಬಹುದು, ಕಾನೂನಿನ ತಪ್ಪಿಗೆ ಮದ್ದುಂಟು. ಆದರೆ ಮದ್ದು ಕೇಳಬೇಕಾದರೆ ಕಾನೂನನ್ನು ಓದಿರಬೇಕು. ಓದಬೇಕಾದರೆ ಅದು ಓದುವ ಭಾಷೆಯಲ್ಲಿರಬೇಕು.

ಕನ್ನಡ ಮೇಷ್ಟರು ಎಲ್ಲಿಗೆ ಬಂದನೆಂಬುದು ಈಗ ಸ್ಪಷ್ಟವಾಗಿರಬಹುದು. ಫುಟ್‌ಬಾಲಿನ ಕಾನೂನನ್ನು ಅಧಿಕೃತವಾಗಿ ಪ್ರಕಟಿಸುವುದು ಇಂಗ್ಲಿಷ್, ಫ್ರೆಂಚ್, ಜರ್ಮನ್, ಸ್ಪ್ಯಾನಿಷ್ ಈ ನಾಲ್ಕು ಭಾಷೆಗಳಲ್ಲಿ. ವ್ಯತ್ಯಾಸ ಬಂದರೆ ಇಂಗ್ಲಿಷೇ ಪ್ರಮಾಣ. ಅದು ಅವರ ಅನುಕೂಲ, ಇರಲಿ. ಆದರೆ ವೈಟ್‌ಫೀಲ್ಡಿನ ತಗಡಿನ ಸೂರಿನ ಕೆಳಗೆ, ಕರ್ನಾಟಕದ ನೆಲದ ಮೇಲೆ, ಹಣ ಕಟ್ಟಿಸಿಕೊಂಡು ಪಂದ್ಯ ನಡೆಸುವವರು ನಿಯಮದ ಹತ್ತು ಸಾಲನ್ನು ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸಲಾರರೇ? ಬೂಟು ಬಿಚ್ಚಿ ಒಳಗೆ ಬನ್ನಿ, ಉಗುಳಬೇಡಿ, ಸಾಮಾನಿಗೆ ನಾವು ಜವಾಬ್ದಾರರಲ್ಲ ಎಂಬುದನ್ನೆಲ್ಲ ಕನ್ನಡದಲ್ಲಿ ಬರೆಸುತ್ತಾರೆ. ನಮಗೆ ನಿಷೇಧ ಮಾತ್ರ ಕನ್ನಡದಲ್ಲಿ, ಹಕ್ಕು ಇಂಗ್ಲಿಷಿನಲ್ಲಿ.

ಈ ಕಾರ್ಖಾನೆಯ ಬಡಾವಣೆಗಳಲ್ಲಿ ಹಿಂದೆ ಫುಟ್‌ಬಾಲ್ ಇರಲಿಲ್ಲವೆಂದಲ್ಲ. 1940ರಲ್ಲಿ ಹುಟ್ಟಿದ ಎಚ್.ಎ.ಎಲ್.ಗೆ ತಂಡವಿತ್ತು, 1948ರಲ್ಲಿ ದೂರವಾಣಿನಗರದಲ್ಲಿ ಆರಂಭವಾದ ಐ.ಟಿ.ಐ.ಗೂ ಇತ್ತು. ಎರಡೂ ರಾಷ್ಟ್ರಮಟ್ಟದ ಲೀಗಿನವರೆಗೆ ಹೋಗಿ ಆಡಿದವು. ಅಲ್ಲಿ ಆಟಗಾರನೆಂದರೆ ಕಾರ್ಖಾನೆಯ ನೌಕರ. ಸಂಬಳ, ರಜೆ, ಅಂಗಳ ಎಲ್ಲಕ್ಕೂ ಒಂದು ಸ್ಥಿರತೆಯಿತ್ತು. ಇಂದಿನ ಗುತ್ತಿಗೆ ಕೆಲಸದ ಹುಡುಗನಿಗೆ ಕೆಲಸವೂ ಬಾಡಿಗೆಯದು, ಅಂಗಳವೂ ಬಾಡಿಗೆಯದು. ಜಗಳಕ್ಕೆ ಸಹ ಗಂಟೆಯ ಲೆಕ್ಕದಲ್ಲಿ ದುಡ್ಡು ತೆರಬೇಕು. ಆ ಕಾಲ ಬಂಗಾರದ್ದಾಗಿತ್ತೆಂದು ಹಲುಬುವ ಚಟ ನನಗಿಲ್ಲ. ಆದರೆ ಎಲ್ಲವೂ ಬಾಡಿಗೆಯದಾದಾಗ, ಲಿಖಿತ ನಿಯಮವೊಂದಾದರೂ ಸ್ವಂತಕ್ಕಿರಬೇಕು. ಅದಕ್ಕೇನೂ ಬಾಡಿಗೆ ಕೊಡಬೇಕಾದ್ದಿಲ್ಲವಲ್ಲ.

ಇಷ್ಟಾದ ಮೇಲೆ ಆಕ್ಷೇಪಣೆಗಳು. ಪೀಣ್ಯದಲ್ಲಿ ಆಡುವ ಹುಡುಗರಲ್ಲಿ ಅರ್ಧ ಜನ ಒರಿಸ್ಸಾ, ಬಿಹಾರ, ಅಸ್ಸಾಮಿನವರು. ಅವರಿಗೆ ಕನ್ನಡದಿಂದ ಏನು ಪ್ರಯೋಜನ ಎನ್ನುತ್ತಾರೆ. ನ್ಯಾಯವಾದ ಪ್ರಶ್ನೆ. ನಮ್ಮ ತಂಡದ ಗೋಲಿಯೇ ಒಡಿಯಾ ಹುಡುಗ. ಅವನಿಗೆ ಇಂಗ್ಲಿಷಿಗಿಂತ ಕನ್ನಡ ಚೆನ್ನಾಗಿ ಅರ್ಥವಾಗುತ್ತದೆ. ಕಾರ್ಖಾನೆಯ ಮೇಸ್ತ್ರಿ ಬೈಯುವುದು ಕನ್ನಡದಲ್ಲೇ ಆದ್ದರಿಂದ ಬೇಗ ಕಲಿತ. ಅವನ ಭಾಷೆಯಲ್ಲೂ ಒಂದು ಹಾಳೆ ಅಂಟಿಸಿದರೆ ನಾನು ಮೊದಲು ಸಂತೋಷಪಡುತ್ತೇನೆ. ಗೋಡೆಗೇನು ಬರವೇ? ಕನ್ನಡಕ್ಕೆ ಬೇಕೆನ್ನುವುದು ಇನ್ನೊಬ್ಬರಿಗೆ ಬೇಡವೆನ್ನುವುದಕ್ಕಲ್ಲ.

ಎರಡನೆಯದು ನಮ್ಮವರದೇ ಆಕ್ಷೇಪಣೆ; ಅದು ಹೆಚ್ಚು ಅಪಾಯದ್ದು. ಇಂಥ ಪಾರಿಭಾಷಿಕ ವಿಷಯ ಕನ್ನಡಕ್ಕೆ ಬಗ್ಗುವುದಿಲ್ಲವಂತೆ. ಬಗ್ಗದೆ ಇರುವಂತೆ ಮಾಡುವವರು ನಮ್ಮ ಪಂಡಿತರೇ. ಫ್ರೀಕಿಕ್ಕಿಗೆ ‘ಮುಕ್ತಪಾದಪ್ರಹಾರ’ವೆಂದು ಹೆಸರಿಟ್ಟು, ಅದನ್ನು ಯಾರೂ ಆಡದಿದ್ದಾಗ ಕನ್ನಡಿಗರಿಗೆ ಅಭಿಮಾನವಿಲ್ಲವೆಂದು ಶೋಕಿಸುವ ಜನ ಇವರು. ಫ್ರೀಕಿಕ್ಕು ಫ್ರೀಕಿಕ್ಕಾಗಿಯೇ ಇರಲಿ. ಗೋಲು, ಫೌಲು, ಪಾಸು, ರೆಫರಿ ಎಲ್ಲವೂ ಹುಡುಗರ ಬಾಯಲ್ಲಿ ಆಗಲೇ ಕನ್ನಡವಾಗಿವೆ, ವಿಭಕ್ತಿ ಪ್ರತ್ಯಯ ಹತ್ತಿಸಿಕೊಂಡು ಓಡಾಡುತ್ತಿವೆ. ಕಾನೂನು ಇರುವುದು ನಾಮಪದದಲ್ಲಲ್ಲ, ಕ್ರಿಯಾಪದದ ಬಾಲದಲ್ಲಿ. ‘ಬಹುದು’, ‘ಬೇಕು’, ‘ಕೂಡದು’, ‘ಹೊರತು’: ಈ ನಾಲ್ಕು ಮಾತುಗಳಲ್ಲಿ ಪ್ರಪಂಚದ ಸಕಲ ಕಾಯಿದೆಗಳೂ ಅಡಗಿವೆ. ಕಂಠೀರವದ ಗದ್ದಲವೆಲ್ಲ ಏನು? ಸೀಟಿಗೆ ಕಾಯ‘ಬೇಕು’ ಎಂದುಕೊಂಡವರಿಗೂ, ಕಾಯದೆ ಒದೆಯ‘ಬಹುದು’ ಎಂದು ತಿಳಿದಿದ್ದವನಿಗೂ ನಡೆದದ್ದು. ಒಂದು ಪ್ರತ್ಯಯದ ಬೆಲೆ ನಾಲ್ಕು ಕೋಟಿ! ವ್ಯಾಕರಣ ಯಾಕೆ ಸಾರ್ ಎಂದು ಕೇಳುವ ಹುಡುಗರಿಗೆ ಈಚೆಗೆ ನಾನು ಇದನ್ನೇ ಉತ್ತರವಾಗಿ ಹೇಳುತ್ತೇನೆ.

ಮೂರನೆಯವರು, ತೀರ್ಪನ್ನು ಕೊಟ್ಟರಾಯಿತು, ಅದಕ್ಕೆ ಕಾರಣ ಹೇಳುತ್ತ ಕೂತರೆ ಆಟ ನಡೆಯುವುದು ಯಾವಾಗ ಎನ್ನುತ್ತಾರೆ. ಇವರಿಗೆ ಹೊರಗಿನ ಸುದ್ದಿ ತಿಳಿಯದು. 2023ರಲ್ಲಿ ಆಸ್ಟ್ರೇಲಿಯ, ನ್ಯೂಜಿಲೆಂಡುಗಳಲ್ಲಿ ನಡೆದ ಮಹಿಳಾ ವಿಶ್ವಕಪ್ಪಿನಲ್ಲಿ, ಚಿತ್ರ ನೋಡಿ ಬದಲಾಯಿಸಿದ ತೀರ್ಪನ್ನು ರೆಫರಿಯೇ ಧ್ವನಿವರ್ಧಕದಲ್ಲಿ ಇಡೀ ಕ್ರೀಡಾಂಗಣಕ್ಕೆ ಕೇಳುವಂತೆ ಹೇಳಿದರು. ಅದರಿಂದ ಆಟವೇನೂ ಕೆಡಲಿಲ್ಲ. ಕಾರಣ ಕೇಳಿದವನು ತೀರ್ಪನ್ನು ಒಪ್ಪದಿರಬಹುದು. ಆ ಕ್ಷಣಕ್ಕೆ ಅಂಗಳದಲ್ಲಿ ನಿಲ್ಲುತ್ತಾನೆ. ಕಾರಣ ಹೇಳಿಸಿಕೊಳ್ಳದವನಿಗೆ ಹೊರಗೆ ನಡೆಯುವುದೊಂದೇ ಮಾತಾಗಿ ಉಳಿಯುತ್ತದೆ. ಕೋಟಿ ಇದ್ದವರು ಹೊರಗೆ ನಡೆದರೆ ದಂಡ ಕಟ್ಟಿ ಮುಂದಿನ ವರ್ಷ ಬರುತ್ತಾರೆ. ವಾರಕ್ಕೊಂದು ರಜೆಯ ಹುಡುಗರು ನಡೆದರೆ, ಅವರನ್ನು ಮತ್ತೆ ಕರೆಯುವವರು ಯಾರು? ಆ ಪಂದ್ಯಾವಳಿಯ ಮುಂದಿನ ಆವೃತ್ತಿಗೆ ನಮ್ಮವರಿಗೆ ಕರೆ ಬರಲಿಲ್ಲ.

ಆದ್ದರಿಂದ ರಾಜ್ಯದ ಫುಟ್‌ಬಾಲ್ ಸಂಸ್ಥೆಯವರಿಗೂ, ಟರ್ಫ್ ನಡೆಸುವ ವ್ಯಾಪಾರಿಗಳಿಗೂ, ಕನ್ನಡದ ಕೆಲಸವೆಂದರೆ ಕವಿಗೋಷ್ಠಿ, ಶಾಲು, ಹಣ್ಣಿನ ಬುಟ್ಟಿ ಎಂದು ತಿಳಿದಿರುವ ನಮ್ಮ ಸಂಘಗಳಿಗೂ ನನ್ನ ಬೇಡಿಕೆ ಒಂದೇ. ಫುಟ್ಸಾಲಿನ ಮುಖ್ಯ ನಿಯಮಗಳನ್ನು ಆಡುಮಾತಿನ ಕನ್ನಡದಲ್ಲಿ ಒಂದು ಹಾಳೆಗೆ ಇಳಿಸಿ, ಅಚ್ಚುಮಾಡಿಸಿ, ಪ್ರತಿ ಅಂಗಳದ ಬಾಗಿಲಲ್ಲಿ ಹಚ್ಚಿ. ಒಂದೊಂದು ಅರ್ಧದಲ್ಲಿ ಆರನೆಯ ಫೌಲಿನಿಂದ ಮುಂದಕ್ಕೆ ಗೋಡೆಯಿಲ್ಲದ ಒದೆತ ಎಂಬುದು, ಗೆರೆಯ ಹೊರಗಿನಿಂದ ಒದೆಯಲು ನಾಲ್ಕೇ ಸೆಕೆಂಡು ಎಂಬುದು, ಕೊನೆಯ ಚೆಂಡಿನ ಗತಿ ಏನೆಂಬುದು, ಇಷ್ಟು ತಿಳಿದರೆ ಅರ್ಧ ಜಗಳ ನಿಲ್ಲುತ್ತದೆ. ಉಳಿದರ್ಧ ಬೇಕಾದರೆ ಆಡಲಿ. ಗೊತ್ತಿದ್ದು ಆಡುವ ಜಗಳಕ್ಕೆ ಒಂದು ಘನತೆಯಿದೆ.

ಯಾರೂ ಮಾಡದಿದ್ದರೆ ಬಿಡುವುದೆಂತು? ಸಂಜೆಯ ತರಗತಿಯಲ್ಲಿ ಭಾಷಾಂತರದ ಪಾಠಕ್ಕೆಂದು ಇದನ್ನೇ ಕೊಟ್ಟಿದ್ದೇನೆ. ಕೊನೆಯ ಚೆಂಡಿನ ನಿಯಮಕ್ಕೆ ಬಂದಾಗ ದೊಡ್ಡ ವಾದವಾಯಿತು. ಒಬ್ಬ ‘ಚೆಂಡಿನ ಪಯಣ ಮುಗಿಯುವವರೆಗೆ’ ಎಂದು ಬರೆದಿದ್ದ. ಅದು ಸಿನಿಮಾ ಹಾಡಿನಂತಾಯಿತು, ‘ಚೆಂಡಿನ ಓಟ’ ಎನ್ನಬೇಕೆಂದು ಇನ್ನೊಬ್ಬ. ಗಾಳಿಯಲ್ಲಿದ್ದದ್ದು ಓಡುತ್ತದೆಯೇ ಎಂದು ಮತ್ತೊಬ್ಬ. ಆವತ್ತು ಒದ್ದ ಹುಡುಗ ಹಿಂದಿನ ಬೆಂಚಿನಲ್ಲಿ ಅದುವರೆಗೂ ಸುಮ್ಮನೆ ಕೂತಿದ್ದ. ಅವನು ಹೇಳಿದ್ದನ್ನೇ ಹಾಳೆಯ ಮೇಲೆ ಬರೆಸಿದ್ದೇವೆ: ಹಾರನ್ ಕೂಗುವ ಮುಂಚೆ ಒದ್ದ ಚೆಂಡು ಬೀಳುವ ಕಡೆ ಬೀಳುವ ತನಕ ಆಟ ಮುಗಿದಿಲ್ಲ.